ನಗಬೇಡಿ ಮಾಮನ ನಗುವ ಫೋಟೋ

ನಗಬೇಡಿ ಮಾಮನಿಗೆ ಬೇಕಾಗಿದ್ದದ್ದು ಒಂದು ಮಗುವಿನ ನಗು. ಒಂದೇ ಒಂದು. ಅದೂ ಸಂಜೆ ನಾಲ್ಕು ಗಂಟೆಯೊಳಗೆ.

ಇಪ್ಪತ್ತೆರಡು ವರ್ಷದಿಂದ ಪಾಸ್‌ಪೋರ್ಟ್ ಕಚೇರಿಯ ಎದುರು ಸ್ಟುಡಿಯೋ ಇಟ್ಟುಕೊಂಡಿದ್ದ ಅವನಿಗೆ ನಗು ಎಂದರೆ ತಲೆನೋವು. ಹಲ್ಲು ಕಂಡರೆ ಕಚೇರಿಯವರು ಫೋಟೋ ವಾಪಸ್ಸು ಮಾಡುತ್ತಿದ್ದರು, ವಾಪಸ್ಸು ಬಂದವರು ಮಾಮನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಹಾಗಾಗಿ ಸ್ಟೂಲಿನ ಮೇಲೆ ಯಾರೇ ಕೂರಲಿ, ಅವನು ಒಂದೇ ಉಸಿರಿನಲ್ಲಿ, "ನೇರ ನೋಡಿ, ಕಿವಿ ಕಾಣ್ಲಿ, ಬಾಯಿ ಮುಚ್ಚಿ, ನಗಬೇಡಿ" ಎಂದು ಹೇಳಿ ಬಟನ್ ಒತ್ತಿಬಿಡುತ್ತಿದ್ದ. ಬೀದಿಯ ಮಕ್ಕಳು ಅವನಿಗೆ ಆ ಹೆಸರಿಟ್ಟದ್ದರಲ್ಲಿ ಅವುಗಳ ತಪ್ಪೇನೂ ಇಲ್ಲ. ಅವನ ಕೈಗೆ ಸಿಕ್ಕಿದ ಮದುಮಗಳು ಕೂಡ ಬ್ಯಾಂಕ್ ದರೋಡೆ ಮಾಡಿ ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು.

ಹೋದ ವಾರ ಕಚೇರಿಯವರು ಒಳಗೇ ಒಂದು ಕ್ಯಾಮೆರಾ ಇಟ್ಟುಕೊಂಡರು. ಹೊರಗಿನ ಫೋಟೋ ಇನ್ನು ಬೇಡವಂತೆ. ಮಾಮನ ಸ್ಟೂಲು ಖಾಲಿಯಾಯಿತು. ಖಾಲಿ ಸ್ಟೂಲಿನ ಸುದ್ದಿ ಬಾಮೈದನ ಕಿವಿಗೆ ಬೀಳಲು ಎರಡು ದಿನವೂ ಹಿಡಿಯಲಿಲ್ಲ. ಬಾಮೈದ ಎಂದರೆ ಹೆಂಡತಿಯ ತಮ್ಮ. ಬಚ್ಚಲುಮನೆ ಸಾಮಾನುಗಳ ದೊಡ್ಡ ಅಂಗಡಿಯ ಯಜಮಾನ.

"ಭಾವ, ಸಂಕೋಚ ಯಾಕೆ? ಸೋಮವಾರದಿಂದ ಬಂದುಬಿಡಿ," ಎಂದಿದ್ದ ಫೋನಿನಲ್ಲಿ. "ಬಂದವರಿಗೆ ಕಮೋಡ್ ತೋರಿಸೋದು, ಅಷ್ಟೇ ಕೆಲಸ. ಕೆಲವರು ಎತ್ತರ ಸರಿಯಾಗುತ್ತಾ ಅಂತ ಕೇಳ್ತಾರೆ. ಆಗ ನೀವು ಸ್ವಲ್ಪ ಕೂತು ತೋರಿಸಬೇಕಾಗುತ್ತೆ."

ಗಾಜಿನ ಗೋಡೆಯ ಅಂಗಡಿಯಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ತನಗಿಂತ ಹತ್ತು ವರ್ಷ ಚಿಕ್ಕವನಾದ ಬಾಮೈದನ ಅಪ್ಪಣೆಯಂತೆ ಕಮೋಡಿನ ಮೇಲೆ ಕೂತು ತೋರಿಸುವುದು! ಮಾಮ ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಅಂಥದ್ದರಲ್ಲಿ ನಿನ್ನೆ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ, ಪಕ್ಕದ ಬೀದಿಯ ಮಕ್ಕಳ ಶಾಲೆಯ ಹೆಡ್ ಮೇಡಂ ಸ್ಟುಡಿಯೋಗೆ ಬಂದರು. ಗೋಡೆಯ ಮೇಲಿನ ಫೋಟೋಗಳನ್ನು ಕನ್ನಡಕ ಏರಿಸಿ ನೋಡಿದರು.

"ಇವರೆಲ್ಲ ಯಾರು? ಠಾಣೆಯವರು ಕೊಟ್ಟಿದ್ದಾ?"

"ಅಲ್ಲ ಮೇಡಂ. ಅದು ನನ್ನ ಹೆಂಡತಿ. ಪಕ್ಕದಲ್ಲಿರೋರು ನಮ್ಮ ಅತ್ತೆ."

ಮೇಡಂ ಕೆಮ್ಮಿದರು. ಅವರಿಗೆ ಬೇಕಾದದ್ದು ಇಷ್ಟು. ಶಾಲೆಯಲ್ಲಿ ಮುನ್ನೂರು ಮಕ್ಕಳು. ಪ್ರತಿಯೊಂದು ಮಗುವೂ ತನ್ನ ಮನೆಯವರ ಜೊತೆ ಸಹಜವಾಗಿ ನಗುತ್ತಿರುವ ಫೋಟೋ, ಪ್ರತಿ ವರ್ಷ. "ಅಂಥದ್ದೊಂದು ಫೋಟೋ ತೆಗೆದು ನಾಳೆ ನಾಲ್ಕು ಗಂಟೆಗೆ ತೋರಿಸಿ. ಇಷ್ಟವಾದ್ರೆ ಕೆಲಸ ನಿಮಗೇ. ಆದ್ರೆ ನೆನಪಿರಲಿ, ಮಗು ನಿಜವಾಗಿ ನಗಬೇಕು. ಹಲ್ಲು ಕಿರಿಯೋದಲ್ಲ."

"ಆಯ್ತು ಮೇಡಂ," ಎಂದ ಮಾಮನಿಗೆ ಅವರು ಹೋದ ಮೇಲೆ ಹೊಳೆಯಿತು, ನಗುವ ಮಗುವನ್ನು ತಾನು ಹತ್ತಿರದಿಂದ ನೋಡಿಯೇ ಇಲ್ಲ ಎಂದು.

ಬೆಳಿಗ್ಗೆ ಹೆಂಡತಿಯೇ ದಾರಿ ತೋರಿಸಿದಳು. "ಮೇಲಿನ ಮನೆಯವರನ್ನ ಕರೀರಿ. ಅಪ್ಪ, ಅಮ್ಮ, ಅಜ್ಜಿ, ಮಗು, ಎಲ್ಲಾ ಇದ್ದಾರೆ."

"ಆ ಮಗುವಾ? ಅದು ನಕ್ಕಿದ್ದನ್ನ ಯಾರಾದ್ರೂ ನೋಡಿದ್ದಾರೇನೆ?"

"ಬೇರೆ ಮಕ್ಕಳು ನಿಮ್ಮನ್ನ ಕಂಡ್ರೆ ಓಡಿಹೋಗ್ತವೆ. ಅದೊಂದೇ ನಿಂತು ನೋಡೋದು. ಇರೋದ್ರಲ್ಲಿ ಆರಿಸ್ಕೋಬೇಕು." ಅವನು ಹೊಸಿಲು ದಾಟುವಾಗ ಮತ್ತೆ ಕೂಗಿ ಹೇಳಿದಳು. "ನಿಮ್ಮ ದಮ್ಮಯ್ಯ, ಇವತ್ತೊಂದಿನ ನಗಬೇಡಿ ಅನ್ನಬೇಡಿ!"

ಹನ್ನೊಂದಕ್ಕೆ ಮೇಲಿನ ಮನೆಯವರು ಬಂದರು. ಮುಂದೆ ಅಮ್ಮನ ಸೊಂಟದ ಮೇಲೆ ಆ ಮಗು. ಎರಡೂವರೆ ವರ್ಷ. ಬೀದಿಯಲ್ಲಿ ಎಲ್ಲರೂ ಅದನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದರು, ಏಕೆಂದರೆ ಯಾರು ಏನು ಮುದ್ದುಮಾತು ಆಡಿದರೂ ಅದು ಹುಬ್ಬು ಗಂಟಿಕ್ಕಿ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಮುಖ ಆ ಕಡೆ ತಿರುಗಿಸುತ್ತಿತ್ತು. ಮನವಿ ವಜಾ. ಅಂಥವರಿಗೆ ಇವತ್ತು ಅಮ್ಮ ಕತ್ತಿನವರೆಗೂ ಗುಂಡಿ ಹಾಕಿದ ಕಪ್ಪು ಕೋಟನ್ನೇ ತೊಡಿಸಿಬಿಟ್ಟಿದ್ದಳು.

ಹಿಂದೆ ಅಜ್ಜಿ. ಫೋಟೋಗೆಂದೇ ಹೊಸ ಹಲ್ಲು ಸೆಟ್ ಹಾಕಿಸಿಕೊಂಡು ಬಂದಿದ್ದರಿಂದ ಬಾಯಿಯಲ್ಲಿ ನೀರು ತುಂಬಿಕೊಂಡವರಂತೆ ಮಾತಾಡುತ್ತಿದ್ದರು. ಕೊನೆಯಲ್ಲಿ ಅಪ್ಪ, ಗಡಿಯಾರ ನೋಡುತ್ತಾ. "ಬೇಗ ಮುಗಿಸಿ ಸಾರ್. ಆಫೀಸಿಗೆ ಮಧ್ಯಾಹ್ನ ಬರ್ತೀನಿ ಅಂತ ಹೇಳಿದ್ದೀನಿ."

ಕರೆಯದೇ ಬಂದವನು ಪಕ್ಕದಂಗಡಿಯ ಟೈಲರ್. ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಇಡೀ ಸಾಲಿನಲ್ಲಿ ಅವನು ಮೂಗು ತೂರಿಸದ ವಿಷಯವೇ ಇರಲಿಲ್ಲ.

"ಮಗುವನ್ನ ನಗಿಸೋದು ನನಗೆ ಬಿಡಿ ಮಾಮ. ನಾನು ಐದು ಮಕ್ಕಳ ತಂದೆ."

"ನಿನ್ನ ಮಕ್ಕಳು ನಿನ್ನ ನೋಡಿ ನಗ್ತಾವೇನಯ್ಯಾ?"

"ಈಗಲೂ ನಗ್ತಾವೆ," ಎಂದ ಟೈಲರ್ ಹೆಮ್ಮೆಯಿಂದ.

ಮೊದಲು ಕೂರುವ ಜಗಳ. ಅಜ್ಜಿಗೆ ಮೊಮ್ಮಗ ತನ್ನ ತೊಡೆಯ ಮೇಲೇ ಇರಬೇಕು. ಅಮ್ಮನಿಗೆ ಅವನು ಎಡಕ್ಕಿರಬೇಕು, ಏಕೆಂದರೆ ಅವಳ ಬಲಗೆನ್ನೆ ಫೋಟೋಗೆ ಬರುವುದಿಲ್ಲವಂತೆ. ಅಪ್ಪ ಎಲ್ಲಿ ನಿಂತರೂ ಅವನ ತಲೆಯ ಮೇಲ್ಭಾಗ ದೀಪಕ್ಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಅಂತೂ ಅರ್ಧ ಗಂಟೆ ಎಳೆದಾಡಿ, ನಾಲ್ವರನ್ನೂ ಬಿಳಿ ಪರದೆಯ ಮುಂದೆ ಕೂರಿಸಿ, ಎರಡು ದೊಡ್ಡ ದೀಪ ಹಚ್ಚಿ, ಮಾಮ ಕ್ಯಾಮೆರಾದ ಹಿಂದೆ ನಿಂತ.

"ಹೂಂ, ಶುರು ಮಾಡು," ಎಂದ ಟೈಲರ್‌ಗೆ.

ಟೈಲರ್ ಬೆಕ್ಕಾದ, ನಾಯಿಯಾದ, ಕೋತಿಯಾದ. ಟೇಪನ್ನು ತಲೆಗೆ ಸುತ್ತಿಕೊಂಡು ಕುಣಿದ. ಅಮ್ಮ ನಕ್ಕಳು. ಅಪ್ಪ ನಕ್ಕ. ಬಾಗಿಲಲ್ಲಿ ನಿಂತಿದ್ದ ಇಬ್ಬರು ದಾರಿಹೋಕರೂ ನಕ್ಕರು. ಜಡ್ಜ್ ಸಾಹೇಬರು ಮಾತ್ರ ಇಂಥ ಸಾಕ್ಷಿಗಳನ್ನು ಬೇಕಾದಷ್ಟು ನೋಡಿದ್ದೇನೆ ಎನ್ನುವಂತೆ ನೋಡುತ್ತಾ ಕೂತಿದ್ದರು.

"ನಗು ಪುಟ್ಟಾ, ಮಾಮಂಗೆ ನಗು ಕೊಡು," ಎಂದಳು ಅಮ್ಮ.

"ನಗೋ, ನಂಗೆ ಟೈಮಾಯ್ತು," ಎಂದ ಅಪ್ಪ.

"ಹೀಗೆ ಹೇಳಿದ್ರೆ ಯಾವ ಮಗು ನಗುತ್ತೆ? ನನ್ನ ನೋಡು ಕಂದಾ, ಈ ಥರ ನಗಬೇಕು, ಈ ಥರ," ಎಂದು ಅಜ್ಜಿ ಬಾಯಿ ಅಗಲಿಸಿದರು. ಇನ್ನೂ ಅಗಲಿಸಿದರು. ಹಲ್ಲಿನ ಸೆಟ್ಟು ಪಟಕ್ಕನೆ ಕಳಚಿ ತೊಡೆಯ ಮೇಲೆ ಬಿತ್ತು.

ಜಡ್ಜ್ ಸಾಹೇಬರು ತೊಡೆಯ ಮೇಲಿನ ಹಲ್ಲು ನೋಡಿದರು. ಅಜ್ಜಿಯ ಬಾಯಿ ನೋಡಿದರು. ಮತ್ತೆ ಹಲ್ಲು ನೋಡಿದರು. ಹುಬ್ಬಿನ ಗಂಟು ಬಿಚ್ಚಿತು, ಕೆನ್ನೆ ಉಬ್ಬಿತು, ಹೊಟ್ಟೆಯೊಳಗಿಂದ ಗುಳುಗುಳು ಎಂದು ಒಂದು ನಗು ಎದ್ದುಬಂತು. ಅದನ್ನು ನೋಡಿ ಅಮ್ಮ, ಅಪ್ಪ, ಸ್ವತಃ ಅಜ್ಜಿ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಮನ ಬೆರಳು ಬಟನ್ ಮೇಲೇ ಇತ್ತು. ಮುನ್ನೂರು ಮಕ್ಕಳು ಅವನ ಕಣ್ಣ ಮುಂದೆ ಸಾಲಾಗಿ ನಿಂತರು. ಆ ಕ್ಷಣದಲ್ಲಿ ಇಪ್ಪತ್ತೆರಡು ವರ್ಷದ ಅಭ್ಯಾಸ ಅವನ ಗಂಟಲಿನಿಂದ ಗುಡುಗಿತು.

"ಬಾಯಿ ಮುಚ್ಚಿ! ನಗಬೇಡಿ!"

ನಾಲ್ಕು ಬಾಯಿಗಳು ಒಟ್ಟಿಗೆ ಮುಚ್ಚಿದವು. ಕ್ಲಿಕ್.

ಅಂಥ ಪಾಸ್‌ಪೋರ್ಟ್ ಫೋಟೋವನ್ನು ಮಾಮ ಜೀವಮಾನದಲ್ಲಿ ತೆಗೆದಿರಲಿಲ್ಲ. ಎಂಟಕ್ಕೆ ಎಂಟೂ ಕಿವಿ ಕಂಡಿದ್ದವು.

"ಮಾಮ, ನಿಮ್ಮ ಬಾಯಿಗೆ ಬೆಂಕಿ ಹಾಕ!" ಎಂದು ಟೈಲರ್ ತಲೆ ಚಚ್ಚಿಕೊಂಡ. ಗುಡುಗಿಗೆ ಬೆಚ್ಚಿದ ಜಡ್ಜ್ ಸಾಹೇಬರು ಒಂದು ಗಳಿಗೆ ಯೋಚಿಸಿ, ಆಮೇಲೆ ಸೂರು ಹಾರಿಹೋಗುವಂತೆ ಅಳಲು ಶುರುಮಾಡಿದರು. ಕಣ್ಣೀರು, ಮೂಗು, ಜೊಲ್ಲು ಎಲ್ಲಾ ಕೋಟಿಗೆ. ಅಜ್ಜಿ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ, "ಇನ್ನು ನಾನು ಹಾಕ್ಕೊಳ್ಳಲ್ಲ" ಎಂದು ಮುನಿಸಿಕೊಂಡರು. ಅಪ್ಪ ಎದ್ದು ನಿಂತ.

"ಇನ್ನೊಂದೇ ಒಂದು ಸಲ ಸಾರ್," ಎಂದು ಮಾಮ ಅಡ್ಡ ನಿಂತು ಕೈಮುಗಿದ.

"ಕೋಟು ನೋಡಿ, ಮುದ್ದೆಯಾಗಿದೆ," ಎಂದಳು ಅಮ್ಮ.

"ಅದಕ್ಕೇನಂತೆ, ಎರಡು ನಿಮಿಷ," ಎಂದು ಟೈಲರ್ ಓಡಿಹೋಗಿ ಇಸ್ತ್ರಿ ಪೆಟ್ಟಿಗೆ ತಂದು, ದೀಪಗಳ ಪಕ್ಕದಲ್ಲೇ ಇದ್ದ ಪ್ಲಗ್ಗಿಗೆ ಸಿಕ್ಕಿಸಿದ. ಮಾಮ "ಬೇಡ" ಎನ್ನುವಷ್ಟರಲ್ಲಿ ಟಪ್ ಎಂದಿತು. ಎರಡು ದೀಪ, ಫ್ಯಾನು, ಕಂಪ್ಯೂಟರು ಎಲ್ಲವೂ ಹೋಗಿ ಸ್ಟುಡಿಯೋ ಕತ್ತಲಾಯಿತು. ಕತ್ತಲಲ್ಲಿ ಜಡ್ಜ್ ಸಾಹೇಬರ ಅಳು ಇನ್ನೂ ಚೆನ್ನಾಗಿ ಕೇಳಿಸಿತು.

"ಕಿಟಕಿ ತೆಗೀರಿ ಯಾರಾದ್ರೂ!"

ಕಿಟಕಿಯೊಂದು ಇತ್ತು, ಬಿಳಿ ಪರದೆಯ ಹಿಂದೆ. ಮಾಮ ಅದನ್ನು ಅಂಗಡಿ ತೆರೆದ ವಾರವೇ ಮುಚ್ಚಿದ್ದ. ಟೈಲರ್ ಪರದೆ ಎಳೆದ. ಪರದೆ, ಅದರ ಕೋಲು, ಕೋಲಿಗೆ ಕಟ್ಟಿದ ದಾರ ಎಲ್ಲಾ ಅವನ ತಲೆಯ ಮೇಲೇ ಬಂದವು. ಕಿಟಕಿಯ ಬಾಗಿಲು ಕಿರ್ರೆಂದು ತೆರೆದು, ಧೂಳಿನ ಜೊತೆಗೆ ಹಿತವಾದ ಮಧ್ಯಾಹ್ನದ ಬೆಳಕು ಒಳಗೆ ಬಂತು.

ಮಾಮ ನೆಲದ ಮೇಲೆ ಕುಸಿದು ಕೂತ. ಮುಗಿಯಿತು. ಕ್ಯಾಮೆರಾ ಸುಮ್ಮನೆ ತೊಡೆಯ ಮೇಲಿತ್ತು. ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಹೊರಗೆ ತೋರಿಸಿಕೊಳ್ಳಲಿಲ್ಲ ಅಷ್ಟೇ.

ಫೋಟೋ ಕೆಟ್ಟಿತೆಂದು ಗೊತ್ತಾದ ಮೇಲೆ ಎಲ್ಲರೂ ಸಡಿಲಾದರು. ಅಮ್ಮ ಮಗುವಿನ ಕೋಟು ಬಿಚ್ಚಿ ಎಸೆದು ತಾನೂ ನೆಲಕ್ಕೇ ಕೂತಳು. ಅಜ್ಜಿ ಸ್ಟೂಲು ಬಿಟ್ಟು ಗೋಡೆಗೊರಗಿ ಕಾಲು ಚಾಚಿದರು. ಅಪ್ಪ, "ಆಫೀಸಿಗೆ ಹೇಗೂ ತಡವಾಯ್ತು" ಎಂದು ಅವರ ಪಕ್ಕದಲ್ಲಿ ಕೂತ. ಬನಿಯನ್ನಿನಲ್ಲಿ ಹಗುರಾದ ಜಡ್ಜ್ ಸಾಹೇಬರು ಅಳು ನಿಲ್ಲಿಸಿ, ನಡೆದುಬಂದು, ಮಾಮನ ಎದುರು ನಿಂತು ಅವನ ಮುಖ ಪರೀಕ್ಷಿಸಿದರು. ತಮ್ಮಷ್ಟೇ ಎತ್ತರಕ್ಕೆ ಇಳಿದ ದೊಡ್ಡವರನ್ನು ಅವರು ಅದೇ ಮೊದಲು ನೋಡುತ್ತಿದ್ದಂತಿತ್ತು.

"ಏನು ನೋಡ್ತೀಯೋ?" ಎಂದ ಮಾಮ ಸೋತ ದನಿಯಲ್ಲಿ. "ನಾಡಿದ್ದಿಂದ ನಾನು ಕಮೋಡ್ ಮಾರ್ತೀನಿ, ಗೊತ್ತಾ?"

"ಕಮೋಡು?" ಎಂದಿತು ಮಗು.

"ಹೂಂ. ಕಮೋಡು. ಬಂದೋರಿಗೆಲ್ಲ ಕೂತು ತೋರಿಸ್ತೀನಿ. ಹೀಗೆ." ಮಾಮ ಕೈಗಳನ್ನು ಮಂಡಿಯ ಮೇಲಿಟ್ಟು, ಗಂಭೀರವಾಗಿ ಕೂತು ತೋರಿಸಿದ.

ಮಗು ಅಮ್ಮನ ಕಡೆ ತಿರುಗಿ, "ಮಾಮ ಕಮೋಡು!" ಎಂದು ವರದಿ ಒಪ್ಪಿಸಿತು. ಒಪ್ಪಿಸಿ ನಕ್ಕಿತು. ಓಡಿಹೋಗಿ ಅಜ್ಜಿಯ ಚಾಚಿದ ಕಾಲ ಮೇಲೆ ಮಾಮನ ಹಾಗೇ ಕೈಯಿಟ್ಟು ಕೂತು, ಮುಕ್ಕಿ ತೋರಿಸಿ, ತನ್ನ ನಟನೆಗೆ ತಾನೇ ಬಿದ್ದು ನಕ್ಕಿತು. ಅಜ್ಜಿ ಬೋಳು ಬಾಯಿ ತೆರೆದು ಅದನ್ನು ಅಪ್ಪಿಕೊಂಡರು. ಅಪ್ಪ ಕಣ್ಣೊರೆಸಿಕೊಂಡ. ಅಮ್ಮ ಬಲಗೆನ್ನೆಯನ್ನು ಮರೆತು ಅವನ ಭುಜಕ್ಕೆ ಒರಗಿ ನಗುತ್ತಿದ್ದಳು. ಕಿಟಕಿಯ ಬೆಳಕು ನಾಲ್ವರ ಮುಖದ ಮೇಲೂ ಬಿದ್ದಿತ್ತು.

ಮಾಮ ಹೊಟ್ಟೆಯ ಮೇಲೆ ಮಲಗಿ ಕ್ಯಾಮೆರಾ ಎತ್ತಿದ. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಪರದೆಯೊಳಗಿಂದ ಚಾಚಿಬಂದ ಟೈಲರ್‌ನ ಕೈ ಆ ಬಾಯಿಯನ್ನು ಬಿಗಿಯಾಗಿ ಮುಚ್ಚಿತು.

ಕ್ಲಿಕ್.

ಫ್ಯೂಸು ಹಾಕಿ ಕಂಪ್ಯೂಟರ್ ಹಚ್ಚಿದಾಗ ಆರೂ ಜನ ಅದರ ಮುಂದೆ ಮುಗಿಬಿದ್ದರು. "ಅಯ್ಯೋ, ನನ್ನ ಕೂದಲು!" ಎಂದಳು ಅಮ್ಮ. "ಒಬ್ಬರೂ ಕ್ಯಾಮೆರಾ ನೋಡ್ತಿಲ್ಲವಲ್ಲ," ಎಂದ ಅಪ್ಪ. ಅಜ್ಜಿ ಮಾತ್ರ ಫೋಟೋದಲ್ಲಿದ್ದ ತಮ್ಮ ಬೋಳು ಬಾಯಿಯನ್ನೇ ಬಗ್ಗಿ ಬಗ್ಗಿ ನೋಡಿದರು. ಬಾಯಲ್ಲಿ ಒಂದೂ ಹಲ್ಲಿಲ್ಲದ ಫೋಟೋ ಊರಿಗೆಲ್ಲ ತೋರಿಸಲು ಯಾರು ಒಪ್ಪುತ್ತಾರೆ? ಮಾಮ ಉಸಿರು ಬಿಗಿಹಿಡಿದು ನಿಂತ.

"ತೋರಿಸಪ್ಪ ತೋರಿಸು," ಎಂದರು ಅಜ್ಜಿ ಕೊನೆಗೆ. "ನನ್ನ ಹಲ್ಲು ಹಾಳಾಗ್ಲಿ. ನನ್ನ ಮೊಮ್ಮಗ ಹೀಗೆ ನಕ್ಕಿದ್ದನ್ನ ನಾನೇ ನೋಡಿರಲಿಲ್ಲ."

ಮಾಮನಿಗೆ ಆಗ ಆದ ಸಂತೋಷ ಹೇಳತೀರದು. ಇಪ್ಪತ್ತೆರಡು ವರ್ಷದಲ್ಲಿ ತಾನು ತೆಗೆದ ಸಾವಿರಾರು ಮುಖಗಳಲ್ಲಿ ಇದೊಂದೇ ನಿಜವಾದ ಫೋಟೋ ಎಂದು ಅವನಿಗೆ ಅನ್ನಿಸಿತು. ಒಂದು ಕ್ಷಣ ಶಾಲೆಯೂ ಬಾಮೈದನೂ ಮರೆತುಹೋಗಿದ್ದರು.

ನಾಲ್ಕಕ್ಕೆ ಐದು ನಿಮಿಷವಿರುವಾಗಲೇ ಅವನು ಚೌಕಟ್ಟು ಹಾಕಿದ ಫೋಟೋ ಹಿಡಿದು ಹೆಡ್ ಮೇಡಂ ಮುಂದೆ ಕೂತಿದ್ದ. ಮೇಡಂ ಫೋಟೋ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಅದ್ಭುತ! ಇದು ನೀವೇ ತೆಗೆದಿದ್ದಾ?"

"ನಾನೇ ಮೇಡಂ."

"ಇಂಥ ಫೋಟೋ ನಾನು ಎಲ್ಲೂ ನೋಡಿಲ್ಲ. ನೀವು ನಿಜವಾದ ಕಲಾವಿದರು. ಹೇಗೆ ತೆಗೆದ್ರಿ, ಸ್ವಲ್ಪ ಹೇಳ್ತೀರಾ?"

ಯಾವತ್ತೂ ಹೊಗಳಿಸಿಕೊಳ್ಳದವನನ್ನು ಒಮ್ಮೆಲೇ ಹೊಗಳಬಾರದು. ಮಾಮ ಏಣಿಯಿಲ್ಲದೆ ಅಟ್ಟ ಏರಿಬಿಟ್ಟ. ಕಾಲ ಮೇಲೆ ಕಾಲು ಹಾಕಿಕೊಂಡು, ಬೆಳಿಗ್ಗೆಯ ಫಜೀತಿಯನ್ನೆಲ್ಲ ತನ್ನ ಉಪಾಯವೆಂಬಂತೆ ಹೇಳತೊಡಗಿದ.

"ಮೊದಲನೆಯದಾಗಿ ಮೇಡಂ, ನಗು ಅಂತ ಹೇಳಲೇಬಾರದು. ಹೇಳಿದ್ರೆ ಮಗು ನಗಲ್ಲ."

"ಒಂದು ನಿಮಿಷ," ಎಂದು ಮೇಡಂ ಪುಸ್ತಕ ತೆಗೆದು ಬರೆದುಕೊಂಡರು.

"ಬಿಗಿ ಬಟ್ಟೆ ಹಾಕಬಾರದು. ದೀಪ ಗೀಪ ಬೇಡ, ಕಿಟಕಿ ಬೆಳಕೇ ಸಾಕು. ನಾವು ನಿಂತು ತೆಗೀಬಾರದು, ಮಗುವಿನ ಎತ್ತರಕ್ಕೆ ಇಳೀಬೇಕು, ಬೇಕಾದ್ರೆ ಮಲಗಬೇಕು. ಮನೆಯವರನ್ನ ಸಾಲಾಗಿ ನಿಲ್ಲಿಸಬಾರದು. ನೆಲದ ಮೇಲೆ ಬಿಟ್ಟುಬಿಡಬೇಕು. ಆಮೇಲೆ ಮಗುವಿನ ಹತ್ರ ನಿಜವಾದ ಮಾತು ಆಡಬೇಕು ಮೇಡಂ, ನಮ್ಮ ಸ್ವಂತ ಕಷ್ಟ ಸುಖ."

"ಮತ್ತೆ ಕ್ಯಾಮೆರಾ? ತುಂಬ ದೊಡ್ಡದು ಬೇಕಾಗುತ್ತೇನೋ?"

"ಛೆ ಛೆ! ಕ್ಯಾಮೆರಾದಲ್ಲಿ ಏನಿದೆ ಮೇಡಂ? ಎಲ್ಲಾ ಇರೋದು ಮನಸ್ಸಲ್ಲಿ. ಇದನ್ನ ಮೊಬೈಲ್‌ನಲ್ಲೂ ತೆಗೀಬಹುದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಡಂ ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದು ಗಂಟೆ ಒತ್ತಿದರು. ಹನ್ನೆರಡು ಜನ ಟೀಚರುಗಳು ಒಳಗೆ ಬಂದು ಸಾಲಾಗಿ ನಿಂತರು.

"ಇವರಿಗೂ ಒಂದು ಸಲ ಹೇಳಿಬಿಡಿ, ಪ್ಲೀಸ್."

ಇವರೆಲ್ಲ ನನ್ನ ಸಹಾಯಕ್ಕೆ ಎಂದುಕೊಂಡ ಮಾಮ ಎದ್ದು ನಿಂತು ಮುಕ್ಕಾಲು ಗಂಟೆ ಪಾಠ ಮಾಡಿದ. ಆಫೀಸು ಕೋಣೆಯ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ತೋರಿಸಿದ. ಒಬ್ಬ ಟೀಚರ್ ಸಂದೇಹ ಕೇಳಿದರು, ಅದಕ್ಕೂ ಉತ್ತರ ಕೊಟ್ಟ. ಹನ್ನೆರಡೂ ಜನ ಚಪ್ಪಾಳೆ ತಟ್ಟಿದರು.

"ತುಂಬ ಉಪಕಾರವಾಯ್ತು," ಎಂದು ಮೇಡಂ ಕೈಮುಗಿದರು. "ಹೊರಗಿನವರಿಗೆ ಕೊಟ್ರೆ ಮಕ್ಕಳು ಹೆದರ್ತಾರೇನೋ ಅಂತ ನನಗೆ ಚಿಂತೆಯಿತ್ತು. ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ. ಸೋಮವಾರದಿಂದ ಆಯಾ ಕ್ಲಾಸಿನ ಟೀಚರೇ ತೆಗೀತಾರೆ."

ಮಾಮ ಬಟ್ಟೆಯ ಧೂಳು ಕೊಡವುತ್ತಿದ್ದವನು ಕೈ ಅಲ್ಲೇ ನಿಲ್ಲಿಸಿದ. "ಟೀಚರೇ?"

"ನೀವೇ ಹೇಳಿದ್ರಲ್ಲ."

ಹೇಳಿದ್ದು ಅವನೇ. ಎರಡು ಸಲ ಹೇಳಿದ್ದ. ಎರಡನೆಯ ಸಲ ಮಲಗಿ ಹೇಳಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವನು ಕಲ್ಲಿನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಮಾಮ ನೇರ ನೋಡುತ್ತಾ, ಬಾಯಿ ಮುಚ್ಚಿ, ಎರಡೂ ಕಿವಿ ಕಾಣುವಂತೆ ನಿಂತುಬಿಟ್ಟ.

"ಸಾರ್, ನಮ್ಮ ನೆನಪಿಗೆ ನಿಮ್ಮದೊಂದು ಫೋಟೋ," ಎಂದರು ಎಲ್ಲರಿಗಿಂತ ಚಿಕ್ಕ ಟೀಚರ್. ಹುಡುಗಿ ಬುದ್ಧಿವಂತೆ. ನಗಿ ಎನ್ನಲಿಲ್ಲ. ಕಿಟಕಿ ತೆಗೆದಳು, ಮಾಮನನ್ನು ಅದರ ಹತ್ತಿರದ ಪುಟ್ಟ ಕುರ್ಚಿಯಲ್ಲಿ ಕೂರಿಸಿದಳು, ಮೊಬೈಲ್ ಹಿಡಿದು ನೆಲಕ್ಕೆ ಕೂತಳು. ಆಮೇಲೆ ಪಾಠದಲ್ಲಿ ಕಲಿತಂತೆಯೇ, ತುಂಬ ಅಕ್ಕರೆಯಿಂದ ಸ್ವಂತ ಕಷ್ಟ ಸುಖ ವಿಚಾರಿಸಿದಳು.

"ಮತ್ತೆ, ಸೋಮವಾರದಿಂದ ಏನು ಕೆಲಸ ಮಾಡ್ತೀರಿ ಸಾರ್?"

ಮಾಮ ತಾನು ಕೂತಿದ್ದ ಭಂಗಿ ನೋಡಿಕೊಂಡ. ಮಕ್ಕಳ ಕುರ್ಚಿ, ಮಂಡಿಯ ಮೇಲೆ ಎರಡು ಕೈ. ಎದುರಿಗೆ ಹನ್ನೆರಡು ಜನ ನೋಡುತ್ತಾ ನಿಂತಿದ್ದಾರೆ. ಮೊದಲು ಅವನ ಹೊಟ್ಟೆ ಕುಲುಕಿತು. ತಡೆದ. ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು, ಹಿಂದಿನ ದವಡೆ ಹಲ್ಲು ಕಾಣುವಷ್ಟು ನಕ್ಕುಬಿಟ್ಟ.

ಕ್ಲಿಕ್.

ಹೆಡ್ ಮೇಡಂ ಮೊಬೈಲ್ ಇಸಿದುಕೊಂಡು ನೋಡಿ, ಮಾಮನಿಗೂ ತೋರಿಸಿದರು.

"ನೋಡಿ ಸಾರ್, ಎಷ್ಟು ಚೆನ್ನಾಗಿ ಬಂದಿದೆ! ಪ್ರಪಂಚದಲ್ಲಿ ಒಂದು ಚಿಂತೆಯೂ ಇಲ್ಲದವರ ಹಾಗೆ ಕಾಣ್ತೀರಿ. ನೀವು ಹೇಳಿದ್ದು ನಿಜ, ಮೊಬೈಲೇ ಸಾಕು."